ಕಿತ್ತೂರು ರಾಣಿ ಚೆನ್ನಮ್ಮನವರು: ಸೋತವರು ರಾಷ್ಟ್ರವೀರರಾದದ್ದು ಹೇಗೆ?

ಈ ಸಲದ ಲೇಖನವನ್ನು ನಾವು ಶಾಲೆ, ಕಾಲೇಜಿಗೆ ಹೋಗುವ ಮಕ್ಕಳಿಗಾಗಿ ಬರೆದಿದ್ದೇವೆ. ಕನ್ನಡ ಮಾತಾಡಲು ಬಂದು ಓದಲು ಬಾರದ ಮಕ್ಕಳು ನಮ್ಮ ಗಡಿಭಾಗದ ಮನೆಗಳಲ್ಲಿ ಹೆಚ್ಚುತ್ತಿದ್ದಾರೆ. ಅಂಥ ಮಕ್ಕಳಿಗೆ ಮನೆಯ ಹಿರಿಯರು ಇದನ್ನು ರಾತ್ರಿ ಊಟವಾದ ಮೇಲೆ ಓದಿ ಹೇಳಬೇಕೆಂದು ವಿನಂತಿ.

ಶ್ರಾವಣ ಮಾಸದ ಪ್ರವಚನಕ್ಕೆ ಜತ್ತ ಕಡೆಯ ಭಕ್ತರ ಮನೆಯ ಹುಡುಗನೊಬ್ಬ ಅಜ್ಜನ ಜೊತೆ ಶ್ರೀಮಠಕ್ಕೆ ಬಂದಿದ್ದ. ಮರಾಠಿ ಶಾಲೆಯಲ್ಲಿ ಓದುವವನು, ಬಲು ಚೂಟಿ. ಪ್ರಸಾದದ ಹೊತ್ತಿಗೆ ಮಕ್ಕಳನ್ನು ಕೂಡಿಸಿಕೊಂಡು ರಾಣಿ ಚೆನ್ನಮ್ಮ ಯಾರು ಗೊತ್ತೇ ಎಂದು ನಾವು ಕೇಳಿದೆವು. ಅದು ಮಿರಜದಿಂದ ಬೆಂಗಳೂರಿಗೆ ಹೋಗುವ ರೈಲು ಎಂದು ಅವನು ತಟ್ಟನೆ ಹೇಳಿದ. ಎಲ್ಲರೂ ನಕ್ಕರು. ತಪ್ಪು ಅವನದಲ್ಲ. ಅವನ ಪುಸ್ತಕದಲ್ಲಿ ಶಿವಾಜಿ ಮಹಾರಾಜರಿದ್ದಾರೆ, ಝಾನ್ಸಿಯ ರಾಣಿ ಇದ್ದಾರೆ. ಚೆನ್ನಮ್ಮನವರ ಹೆಸರನ್ನು ಅವನು ಓದಿದ್ದು ರೈಲಿನ ಹಲಗೆಯ ಮೇಲೆ ಮಾತ್ರ.

ನಾವು ಕಥೆ ಹೇಳಿದೆವು. ಪೂರ್ತಿ ಕೇಳಿದ ಮೇಲೆ ಹುಡುಗ ಒಂದು ಪ್ರಶ್ನೆ ಹಾಕಿದ. ಕೋಟೆ ಹೋಯಿತು, ರಾಣಿ ಸೆರೆಯಲ್ಲೇ ತೀರಿಕೊಂಡರು, ಕಾದಾಡಿದ್ದು ಕೂಡ ತಮ್ಮ ಸಂಸ್ಥಾನಕ್ಕಾಗಿ. ಹಾಗಿದ್ದರೆ ಅವರು ಇಡೀ ದೇಶಕ್ಕೆ ವೀರರು ಹೇಗಾದರು ಎಂಬುದು ಅವನ ಪ್ರಶ್ನೆ. ಅಲ್ಲಿದ್ದ ದೊಡ್ಡವರಾರೂ ಬಾಯಿ ಬಿಡಲಿಲ್ಲ. ನಮಗೂ ಆ ಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ಜಯಂತಿಯ ದಿನ ಹಾರ ಹಾಕಿ ಜಯಕಾರ ಹೇಳಿ ಅಭ್ಯಾಸವಾದ ನಾವು ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಕಿತ್ತೂರು ಬೆಳಗಾವಿ ಮತ್ತು ಧಾರವಾಡದ ನಡುವೆ ಹೆದ್ದಾರಿಯ ಬದಿಗಿದೆ. ಆ ಮನೆತನದ ಮೂಲಪುರುಷರು ವ್ಯಾಪಾರಿಗಳು ಎಂಬುದನ್ನು ನಮ್ಮ ಪೇಟೆಯ ಭಕ್ತರು ಗಮನಿಸಬೇಕು. ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಮಲೆನಾಡಿನ ಸಾಗರದವರು, ಲಿಂಗವಂತರು. ವಿಜಾಪುರದ ಆದಿಲಶಾಹಿ ಸೈನ್ಯದ ಜೊತೆ ಈ ಕಡೆ ಬಂದು, 1585ರ ಸುಮಾರಿಗೆ ಹುಬ್ಬಳ್ಳಿ ಪ್ರಾಂತದ ದೇಶಗತಿ ಪಡೆದು ಸಂಪಗಾವಿಯಲ್ಲಿ ನೆಲೆಸಿದರು. ಮುಂದೆ ಅದೇ ವಂಶದ ಅಲ್ಲಪ್ಪಗೌಡರು ಕಿತ್ತೂರಿನ ಕೋಟೆ ಕಟ್ಟಿಸಿದರು. ತಕ್ಕಡಿ ಹಿಡಿದ ಕೈ ಖಡ್ಗ ಹಿಡಿದ ಮನೆತನ ಅದು.

ಚೆನ್ನಮ್ಮನವರು ಹುಟ್ಟಿದ್ದು 1778ರಲ್ಲಿ, ಬೆಳಗಾವಿಗೆ ಹತ್ತಿರದ ಕಾಕತಿಯಲ್ಲಿ. ತಂದೆ ಧೂಳಪ್ಪಗೌಡ ದೇಸಾಯರು. ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುಗಾರಿಕೆ ಇವುಗಳನ್ನು ಬಾಲ್ಯದಲ್ಲೇ ಕಲಿತರು. ಕಿತ್ತೂರಿನ ಮಲ್ಲಸರ್ಜ ದೇಸಾಯರಿಗೆ ಎರಡನೆಯ ಹೆಂಡತಿಯಾಗಿ ಬಂದರು. ಹಿರಿಯ ರಾಣಿ ರುದ್ರಮ್ಮನವರು. ಚೆನ್ನಮ್ಮನವರ ಹೊಟ್ಟೆಯಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ. ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜರನ್ನೇ ತಮ್ಮ ಮಗನೆಂದು ನೋಡಿಕೊಂಡರು.

ಸಣ್ಣ ಸಂಸ್ಥಾನದ ಬದುಕು ಸುಖದ್ದಾಗಿರಲಿಲ್ಲ. ಎರಡು ದೊಡ್ಡ ಎತ್ತು ಗುದ್ದಾಡುವಾಗ ನಡುವೆ ಸಿಕ್ಕ ಗಿಡದ ಹಾಗೆ ಅದರ ಪಾಡು. ಮಲ್ಲಸರ್ಜರನ್ನು 1785ರಲ್ಲಿ ಟಿಪ್ಪು ಸುಲ್ತಾನರ ಸೈನ್ಯ ಸೆರೆ ಹಿಡಿಯಿತು. ಅಲ್ಲಿಂದ ತಪ್ಪಿಸಿಕೊಂಡು ಬಂದರು. 1809ರಲ್ಲಿ ಪೇಶವೆಯವರಿಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡಲು ಒಪ್ಪಬೇಕಾಯಿತು. ಅಷ್ಟು ಕೊಟ್ಟರೂ ಎರಡನೇ ಬಾಜೀರಾಯ ಅವರನ್ನು ಪುಣೆಯಲ್ಲಿ ಸೆರೆಯಲ್ಲಿಟ್ಟನು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಬಿಟ್ಟನು. 1816ರಲ್ಲಿ ಮಲ್ಲಸರ್ಜರು ಲಿಂಗೈಕ್ಯರಾದರು.

ಈಗ ಒಂದು ಅಹಿತವಾದ ಸಂಗತಿ. ಮೆರವಣಿಗೆಯ ಭಾಷಣಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. 1818ರಲ್ಲಿ ಇಂಗ್ಲಿಷರು ಪೇಶವೆಯ ಮೇಲೆ ಏರಿ ಬಂದು ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಸಂಸ್ಥಾನ ಇಂಗ್ಲಿಷರ ಪಕ್ಷಕ್ಕೆ ನಿಂತಿತು. ತಂದೆಯನ್ನು ಕೊಂದಷ್ಟು ಮಾಡಿದ ಪೇಶವೆಯ ಮೇಲೆ ಮಗನಿಗೆ ಸಿಟ್ಟಿದ್ದುದು ಸಹಜ. ಕಂಪನಿಯ ಪರವಾಗಿ ಥಾಮಸ್ ಮನ್ರೋ ಸಂಸ್ಥಾನವನ್ನು ದೇಸಾಯರಿಗೆ ಖಾಯಂ ಮಾಡಿ ಸನದು ಕೊಟ್ಟನು. ಇದನ್ನು ಮುಚ್ಚಿಟ್ಟರೆ ಮುಂದಿನ ಕಥೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ಆರು ವರ್ಷ ಕಳೆಯುವುದರೊಳಗೆ ಕಂಪನಿ ತನ್ನನ್ನು ನಂಬಿದ ಮನೆತನಕ್ಕೆ ಏನು ಮಾಡಿತು ಎಂಬುದೇ ಕಿತ್ತೂರಿನ ಕಥೆ.

1824ರಲ್ಲಿ ಶಿವಲಿಂಗರುದ್ರಸರ್ಜರು ಹಾಸಿಗೆ ಹಿಡಿದರು. ಮಕ್ಕಳಿರಲಿಲ್ಲ. ಹೆಂಡತಿ ವೀರವ್ವ ಇನ್ನೂ ಸಣ್ಣ ಹುಡುಗಿ. ಮಸ್ತಮರಡಿ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡು ಅದನ್ನು ತಿಳಿಸುವ ಪತ್ರ ಬರೆಸಿದರು. ಸೆಪ್ಟೆಂಬರ ತಿಂಗಳಲ್ಲಿ ತೀರಿಕೊಂಡರು. ಪತ್ರ ಧಾರವಾಡದಲ್ಲಿದ್ದ ಕಲೆಕ್ಟರ ಹಾಗೂ ಪೊಲಿಟಿಕಲ್ ಏಜೆಂಟ ಥ್ಯಾಕರೆಯ ಕೈ ಸೇರಿದಾಗ ಸಹಿ ನಿಜವಾದದ್ದೇ ಎಂದು ಅವನು ಅನುಮಾನ ತೆಗೆದನು. ಸರಕಾರದ ಪೂರ್ವಾನುಮತಿ ಇಲ್ಲದ ದತ್ತಕ ನಡೆಯುವುದಿಲ್ಲ ಎಂಬುದು ಅವನ ವಾದ.

ನಮ್ಮ ರೈತ ಬಂಧುಗಳಿಗೆ ದತ್ತಕ ಎಂದರೇನೆಂದು ವಿವರಿಸಬೇಕಾಗಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಜಂಗಮರ, ದೈವದವರ ಸಮ್ಮುಖದಲ್ಲಿ ಮಗನನ್ನು ಉಡಿಯಲ್ಲಿ ಹಾಕಿಕೊಂಡರೆ ಹೊಲ, ಮನೆ, ಸಾಲ, ಹಿರಿಯರ ಪುಣ್ಯತಿಥಿ ಎಲ್ಲಕ್ಕೂ ಅವನೇ ವಾರಸುದಾರ. ಇದು ಊರೊಪ್ಪಿದ ರೂಢಿ. ಅದನ್ನು ದೂರದ ಕಚೇರಿಯ ಒಬ್ಬ ಅಧಿಕಾರಿ ಬಂದು ಅಳಿಸುತ್ತೇನೆ ಎಂದರೆ ಯಾವ ಮನೆತನ ಸುಮ್ಮನಿದ್ದೀತು? ಹುಡುಗ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಚೆನ್ನಮ್ಮನವರು ತಮ್ಮ ಸಂಸ್ಥಾನಕ್ಕಾಗಿ ಕಾದಾಡಿದ್ದು ನಿಜ. ಆದರೆ ಅವರು ಎತ್ತಿದ ಪ್ರಶ್ನೆ ಕಿತ್ತೂರಿಗೆ ಮಾತ್ರ ಸೇರಿದ್ದಾಗಿರಲಿಲ್ಲ. ಈ ನೆಲದವರ ಮನೆಗೆ ವಾರಸುದಾರ ಯಾರೆಂದು ನಿಶ್ಚಯಿಸುವ ಹಕ್ಕು ಈ ನೆಲದವರದೋ ಕಂಪನಿಯದೋ? 1848ರಲ್ಲಿ ಡಾಲ್‌ಹೌಸಿ ಸಾತಾರೆಯ ಸಂಸ್ಥಾನವನ್ನು ಇದೇ ದತ್ತಕದ ನೆವದಿಂದ ನುಂಗಿದನು. 1854ರಲ್ಲಿ ಝಾನ್ಸಿ ಹೋಯಿತು, ನಾಗಪುರ ಹೋಯಿತು. ಆ ಸಿಟ್ಟು 1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ಒಡೆದದ್ದನ್ನು ಮಕ್ಕಳು ಓದಿದ್ದೀರಿ. ಕಿತ್ತೂರಿನಲ್ಲಿ ಇದೇ ಮಾತಿಗೆ ಕತ್ತಿ ಹಿರಿದಾಗ ಝಾನ್ಸಿಯ ಲಕ್ಷ್ಮೀಬಾಯಿಯವರು ಇನ್ನೂ ಹುಟ್ಟಿರಲಿಲ್ಲ.

ಚೆನ್ನಮ್ಮನವರು ಒಮ್ಮೆಲೇ ಕತ್ತಿಗೆ ಕೈ ಹಾಕಲಿಲ್ಲ. ಇದನ್ನು ನಾವು ಮತ್ತೆ ಮತ್ತೆ ಹೇಳಬೇಕಾಗಿದೆ, ಏಕೆಂದರೆ ನಾಟಕ, ಸಿನೆಮಾಗಳಲ್ಲಿ ಅವರು ಬಂದ ಕೂಡಲೇ ಗುಡುಗುತ್ತಾರೆ. ಕಪ್ಪ ಏಕೆ ಕೊಡಬೇಕು ಎಂದು ಅಬ್ಬರಿಸುವ ಸಂಭಾಷಣೆ ರಂಗಭೂಮಿಯ ಕಾಣಿಕೆ. ಕೇಳಲು ರೋಮಾಂಚನವಾಗುತ್ತದೆ, ನಾವೂ ಜಾತ್ರೆಯ ನಾಟಕದಲ್ಲಿ ಕೇಳಿ ಚಪ್ಪಾಳೆ ತಟ್ಟಿದವರೇ. ನಡೆದದ್ದು ಬೇರೆ. ರಾಣಿಯವರು ಅರ್ಜಿ ಬರೆದರು. ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್‌ಗೆ ತಮ್ಮ ನ್ಯಾಯವನ್ನು ವಿವರಿಸಿ ಪತ್ರ ಕಳಿಸಿದರು. ಅದಕ್ಕೆ ಮನ್ನಣೆ ಸಿಗಲಿಲ್ಲ.

ಅಷ್ಟರಲ್ಲಿ ಥ್ಯಾಕರೆ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ ಪಹರೆ ಇಟ್ಟನು. ಖಜಾನೆಯಲ್ಲಿದ್ದ ಹಣ, ಒಡವೆಗಳ ಬೆಲೆ ಸುಮಾರು 15 ಲಕ್ಷ ರೂಪಾಯಿ. ಆಗಿನ ಕಾಲದ ಹದಿನೈದು ಲಕ್ಷ! ಜಮಾ ಖರ್ಚು ನೋಡುವುದೇ ನಮ್ಮ ಕೆಲಸವಾದ್ದರಿಂದ ನಮ್ಮ ಕಣ್ಣು ಈ ಮೊಹರಿನ ಮೇಲೇ ನಿಲ್ಲುತ್ತದೆ. ಅಂಗಡಿಯ ಯಜಮಾನ ತೀರಿಕೊಂಡಿದ್ದಾನೆ, ವಾರಸಾ ತಂಟೆ ಇನ್ನೂ ಇತ್ಯರ್ಥವಾಗಿಲ್ಲ. ಅಷ್ಟರಲ್ಲೇ ಆ ತಂಟೆ ಎಬ್ಬಿಸಿದವನೇ ಬಂದು ತಿಜೋರಿಗೆ ತನ್ನ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡಂತೆ. ಇದು ವಿಚಾರಣೆಯಲ್ಲ, ತೀರ್ಪು. ರಾಣಿಯವರಿಗೆ ಇದು ಅರ್ಥವಾಗದೆ ಇರಲಿಲ್ಲ.

1824ರ ಅಕ್ಟೋಬರ 23ರಂದು ಕೋಟೆಯ ಬಾಗಿಲು ತೆರೆಯಲಿಲ್ಲ. ಥ್ಯಾಕರೆಯ ಬಳಿ ಮದ್ರಾಸಿನ ಕುದುರೆ ತೋಪುಖಾನೆಯ ತುಕಡಿ ಇತ್ತು. ಬಾಗಿಲು ತೆರೆಯಲು ಅವನು ಕೆಲವೇ ನಿಮಿಷಗಳ ಗಡುವು ಕೊಟ್ಟನು. ಇಲ್ಲವಾದರೆ ತೋಪಿನಿಂದ ಒಡೆಯುವುದಾಗಿ ಬೆದರಿಸಿದನು. ಗಡುವು ಮುಗಿಯುವ ಹೊತ್ತಿಗೆ ಬಾಗಿಲು ತಾನಾಗಿಯೇ ತೆರೆಯಿತು. ಒಳಗಿನಿಂದ ಸರದಾರ ಗುರುಸಿದ್ದಪ್ಪನವರ ನೇತೃತ್ವದಲ್ಲಿ ಕಿತ್ತೂರಿನ ದಂಡು ನೆರೆ ಬಂದ ಹೊಳೆಯಂತೆ ಹೊರಗೆ ಹರಿಯಿತು. ಥ್ಯಾಕರೆ ಅಲ್ಲೇ ಗುಂಡಿಗೆ ಬಲಿಯಾದನು. ಆ ಗುಂಡು ಅಮಟೂರ ಬಾಳಪ್ಪನವರದೆಂದು ನಾಡು ನೆನೆಯುತ್ತದೆ. ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಮೂವರು ಅಧಿಕಾರಿಗಳೂ ಸತ್ತರು. ಸೂರ್ಯ ಮುಳುಗದ ಸಾಮ್ರಾಜ್ಯದ ಕಲೆಕ್ಟರ ಒಬ್ಬ ಒಂದು ತಾಲೂಕಿನಷ್ಟು ಊರಿನ ಅಗಸೆಯ ಮುಂದೆ ಬಿದ್ದಿದ್ದನು. ಅವನ ಸ್ಮಾರಕ ಧಾರವಾಡದಲ್ಲಿದೆ.

ಥ್ಯಾಕರೆಯ ಸಹಾಯಕರಾದ ವಾಲ್ಟರ್ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಯುವಕರು ಸೆರೆ ಸಿಕ್ಕರು. ಆಗ ಕೋಟೆಯಲ್ಲಿ ಸಿಟ್ಟು ಎಷ್ಟಿರಬೇಕು ಯೋಚಿಸಿರಿ. ಅವರನ್ನು ಕೊಂದಿದ್ದರೆ ಕೇಳುವವರಿರಲಿಲ್ಲ. ಸುಮಾರು ಆರು ವಾರ ಅವರು ಕಿತ್ತೂರಿನ ವಶದಲ್ಲಿದ್ದರು. ಪ್ರಾಣಕ್ಕೆ ಅಪಾಯ ಬರಲಿಲ್ಲ. ಈ ಎಲಿಯಟ್ ಮುಂದೆ ನಮ್ಮ ನಾಡಿನ ಹಳೆಯ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿ ಸಂಗ್ರಹಿಸಿದನು. ಚಾಲುಕ್ಯರ ಇತಿಹಾಸ ಬರೆದವರಿಗೆ ಆ ಸಂಗ್ರಹ ಉಪಯೋಗಕ್ಕೆ ಬಂತು. ಕಿತ್ತೂರಿನ ಕೋಟೆಯೊಳಗೆ ಅವನ ಕುತ್ತಿಗೆ ಹೋಗಿದ್ದರೆ ಆ ಕೆಲಸವೂ ಅಲ್ಲಿಗೇ ನಿಲ್ಲುತ್ತಿತ್ತು. ಕೈಗೆ ಸಿಕ್ಕ ಶತ್ರುವನ್ನು ಉಳಿಸಿದ್ದು ಕೂಡ ವೀರರ ಲೆಕ್ಕದಲ್ಲಿ ಜಮಾ ಆಗಬೇಕು ಎಂಬುದು ನಮ್ಮ ಅಭಿಪ್ರಾಯ. ಖಡ್ಗ ಎತ್ತಿದ ಚಿತ್ರವನ್ನೇ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಹೇಳುವವರು ಕಡಿಮೆ.

ಆ ಇಬ್ಬರನ್ನು ಬಿಡಿಸಲು ಪುಣೆಯ ಕಮಿಷನರ ಚಾಪ್ಲಿನ್ ಮಾತುಕತೆ ನಡೆಸಿದನು. ಯುದ್ಧ ನಿಲ್ಲುತ್ತದೆ ಎಂಬ ಒಪ್ಪಂದದ ಮೇಲೆ ಡಿಸೆಂಬರ 2ರಂದು ರಾಣಿಯವರು ಅವರನ್ನು ಬಿಟ್ಟುಕೊಟ್ಟರು. ಯುದ್ಧ ನಿಲ್ಲಲಿಲ್ಲ. ಸುತ್ತಲಿನಿಂದ ಮೊದಲೇ ದಂಡು ತರಿಸಿಕೊಂಡಿದ್ದ ಕಂಪನಿ ಮರುದಿನವೇ ಕಿತ್ತೂರಿನ ಮೇಲೆ ಬಿದ್ದಿತು. ಕೊಟ್ಟ ಮಾತನ್ನು ಒಂದು ಸಣ್ಣ ಸಂಸ್ಥಾನ ಉಳಿಸಿಕೊಂಡಿತು, ದೊಡ್ಡ ಕಂಪನಿ ಮುರಿಯಿತು.

ಈ ಎರಡನೆಯ ಯುದ್ಧದಲ್ಲಿ ನಮ್ಮ ಸೊಲ್ಲಾಪುರದ ಸಬ್ ಕಲೆಕ್ಟರನಾಗಿದ್ದ ಮನ್ರೋ ಎಂಬವನೂ ಪ್ರಾಣ ಕಳೆದುಕೊಂಡನು. ಸನದು ಕೊಟ್ಟಿದ್ದ ಥಾಮಸ್ ಮನ್ರೋನ ಬಂಧು ಇವನು. ಕಿತ್ತೂರಿನ ಮಂದಿ ಮದ್ದುಗುಂಡಿಗೆ ಕೈ ಹಾಕಿದರೆ ಮದ್ದಿನಲ್ಲಿ ಸಗಣಿ, ಜೋಳ ಬೆರೆತಿತ್ತು, ಅದು ಸ್ವಂತ ಜನರದೇ ಕೆಲಸ ಎಂದು ಹಳ್ಳಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಕನ್ನೂರು ಮಲ್ಲಪ್ಪಶೆಟ್ಟಿ, ಹಾವೇರಿ ವೆಂಕಟರಾಯ ಎಂಬ ಎರಡು ಹೆಸರು ಲಾವಣಿಗಳಲ್ಲಿ ಬೈಗುಳವಾಗಿ ಉಳಿದಿವೆ. ಇಬ್ಬರೂ ಸಂಸ್ಥಾನದ ಕಾರಭಾರದಲ್ಲಿ ಇದ್ದವರು, ಕಂಪನಿಯ ಕಡೆಗೆ ವಾಲಿದವರು. ಮದ್ದು ಕೆಟ್ಟಿದ್ದರೂ ಸರಿ, ಕೆಡದಿದ್ದರೂ ಸರಿ, ಅಷ್ಟು ದಂಡಿನ ಮುಂದೆ ಕೋಟೆ ಬಹಳ ದಿನ ನಿಲ್ಲುವಂತಿರಲಿಲ್ಲ. 1824ರ ಡಿಸೆಂಬರ 5ರಂದು ಕಿತ್ತೂರು ಬಿತ್ತು. ಅಮಟೂರ ಬಾಳಪ್ಪನವರು ಈ ಯುದ್ಧದಲ್ಲಿ ಮಡಿದರು.

ರಾಣಿಯವರನ್ನು ಸೊಸೆ ವೀರವ್ವನ ಸಹಿತ ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ನಾಲ್ಕು ವರ್ಷಕ್ಕೂ ಮಿಕ್ಕಿ ಅಲ್ಲಿದ್ದರು. ತಪ್ಪೊಪ್ಪಿಕೊಂಡು ಸಂಸ್ಥಾನ ಬೇಡಿ ಪಡೆಯುವ ಹಾದಿಯನ್ನು ಅವರು ಹಿಡಿಯಲಿಲ್ಲ. 1829ರ ಫೆಬ್ರುವರಿಯಲ್ಲಿ ಅಲ್ಲೇ ಲಿಂಗೈಕ್ಯರಾದರು. ವಯಸ್ಸು ಐವತ್ತರ ಆಸುಪಾಸು.

ಇಲ್ಲಿಗೆ ಕಥೆ ಮುಗಿದಿದ್ದರೆ ಆ ಹುಡುಗ ಕೇಳಿದ್ದು ಸರಿಯಾಗುತ್ತಿತ್ತು. ಒಂದು ಸಂಸ್ಥಾನ ಹುಟ್ಟಿತು, ಬಿತ್ತು. ಹಾಗೆ ಬಿದ್ದ ಸಂಸ್ಥಾನಗಳು ನೂರಾರು. ರಾಣಿ ಇಲ್ಲ, ಕೋಟೆ ಇಲ್ಲ, ಸಂಬಳ ಕೊಡುವ ಖಜಾನೆ ಇಲ್ಲ. ಇಂಥ ಹೊತ್ತಿನಲ್ಲಿ, ಅದೇ 1829ರ ಕೊನೆಗೆ, ಸಂಗೊಳ್ಳಿಯ ರಾಯಣ್ಣನವರು ಎದ್ದರು. ಅವರು ಸಂಸ್ಥಾನದಲ್ಲಿ ಊರ ಕಾವಲಿನ ಚಾಕರಿ ಮಾಡಿಕೊಂಡಿದ್ದ ಹಾಲುಮತದ ಒಕ್ಕಲು ಮನೆಯವರು. ಕಂಪನಿಯ ಹೊಸ ಲೆಕ್ಕದಲ್ಲಿ ಅಂಥವರ ಇನಾಮು ಭೂಮಿ ಹೋಗಿತ್ತು, ಉಳಿದದ್ದಕ್ಕೆ ಕಂದಾಯ ಏರಿತ್ತು. ದತ್ತಕ ಪುತ್ರ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸುತ್ತೇವೆಂದು ಸಾರಿ ರೈತರನ್ನು ಕೂಡಿಸಿಕೊಂಡು ಗುಡ್ಡಗಾಡು ಸೇರಿದರು. ಸರಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಭೂಮಿಯ ಕಾಗದಪತ್ರ ಸುಟ್ಟವು. ಕಾಗದ ಸುಟ್ಟರೇನು ಬಂತು ಎಂದು ಕೇಳುವ ಮಕ್ಕಳು, ಸಾತಬಾರಾ ಉತಾರೆಗಾಗಿ ತಲಾಠಿಯ ಕಚೇರಿಗೆ ಅಲೆಯುವ ತಮ್ಮ ಅಪ್ಪನನ್ನು ಕೇಳಿ ನೋಡಲಿ.

ರಾಯಣ್ಣನವರನ್ನು 1830ರ ಏಪ್ರಿಲ್‌ನಲ್ಲಿ ನಂಬಿಕೆದ್ರೋಹದಿಂದ ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವರ ಸಂಗಡಿಗರಲ್ಲಿ ಬಿಚ್ಚುಗತ್ತಿ ಚನ್ನಬಸಪ್ಪನವರಿದ್ದರು, ಸಿದ್ದಿ ಸಮಾಜದ ಗಜವೀರನವರಿದ್ದರು.

ಇದೇ ನಮಗೆ ಹೊಳೆದ ಉತ್ತರದ ಇನ್ನರ್ಧ. ರಾಣಿಯವರಿಂದ ಯಾರಿಗೂ ಏನೂ ಸಿಗುವಂತಿರದ ಕಾಲದಲ್ಲಿ, ಬೇರೆ ಬೇರೆ ಕುಲದ, ಬೇರೆ ಬೇರೆ ಕಸುಬಿನ ಬಡವರು ಅವರ ಜಗಳವನ್ನು ತಮ್ಮ ಜಗಳ ಎಂದುಕೊಂಡರು, ಅದಕ್ಕಾಗಿ ಪ್ರಾಣ ಕೊಟ್ಟರು. ರಾಜರಿಗಾಗಿ ಸಂಬಳದ ಸೈನಿಕ ಸಾಯುತ್ತಾನೆ. ಸತ್ತ ರಾಣಿಯ ಮಾತಿಗಾಗಿ ಸಂಬಳವಿಲ್ಲದ ರೈತ ಸಾಯುವುದು ಬೇರೆ. ಮನೆಯ ಹಕ್ಕಿನ ಮಾತು ಹೀಗೆ ಊರಿನ ಮಾತಾಯಿತು, ಊರಿನ ಮಾತು ನಾಡಿನ ಮಾತಾಯಿತು. ನೂರು ವರ್ಷ ದಾಟಿದ ಮೇಲೆ ಕರನಿರಾಕರಣೆ ಚಳವಳಿಯಲ್ಲಿ ಜೈಲಿಗೆ ಹೋದ ಕನ್ನಡಿಗರು ಕಿತ್ತೂರಿನ ಲಾವಣಿ ಕೇಳಿ ಬೆಳೆದವರಾಗಿದ್ದರು.

ಶ್ರೀಮಠದ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಚೆನ್ನಮ್ಮನವರು ನಮ್ಮ ಸಮಾಜದವರು ಎಂಬ ಹೆಮ್ಮೆ ನಮಗೂ ಇದೆ. ಆದರೆ ಈಚಿನ ವರ್ಷಗಳಲ್ಲಿ ರಾಣಿಯವರ ಮೆರವಣಿಗೆ ಒಂದು ಸಮಾಜದ್ದು, ರಾಯಣ್ಣನವರ ಮೆರವಣಿಗೆ ಇನ್ನೊಂದು ಸಮಾಜದ್ದು ಎಂಬಂತೆ ಕೆಲವು ಊರುಗಳಲ್ಲಿ ನಡೆಯುತ್ತಿದೆ. ಒಂದರ ಫಲಕದಲ್ಲಿ ಇನ್ನೊಬ್ಬರ ಚಿತ್ರವಿಲ್ಲ. ಆ ಇಬ್ಬರನ್ನು ಬೇರ್ಪಡಿಸಿದರೆ ಇಬ್ಬರೂ ಸಣ್ಣವರಾಗುತ್ತಾರೆ. ದ್ರೋಹಿಗಳೆಂದು ಲಾವಣಿಕಾರರು ಹೆಸರಿಸಿದವರಲ್ಲಿ ಒಬ್ಬ ಶೆಟ್ಟಿ ಇದ್ದಾನೆ, ಅವನು ಎಲ್ಲಿಂದಲೋ ಬಂದವನಲ್ಲ ಎಂಬುದನ್ನೂ ನಾವು ಮರೆಯಬಾರದು. ಮುಂದಿನ ಅಕ್ಟೋಬರ 23ರ ಕಾರ್ಯಕ್ರಮಕ್ಕೆ ಫಲಕ ಮಾಡಿಸುವ ನಮ್ಮ ಯುವಕ ಸಂಘದವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ದೇಶ ಅವರನ್ನು ಗುರುತಿಸಿದ್ದು ನಿಧಾನವಾಗಿ. 1961ರ ಬಿ. ಆರ್. ಪಂತುಲು ಅವರ ಚಲನಚಿತ್ರದಲ್ಲಿ ಬಿ. ಸರೋಜಾದೇವಿಯವರು ರಾಣಿಯಾಗಿ ನಟಿಸಿದ ಮೇಲೆ ಓದುಬರಹ ಬಾರದ ಮನೆಗಳಿಗೂ ಆ ಹೆಸರು ಮುಟ್ಟಿತು. 1977ರಲ್ಲಿ ಅಂಚೆ ಚೀಟಿ ಬಂತು. 2007ರ ಸೆಪ್ಟೆಂಬರ 11ರಂದು ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ಅವರ ಪ್ರತಿಮೆಯನ್ನು ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಅನಾವರಣ ಮಾಡಿದರು. 2010ರಲ್ಲಿ ಬೆಳಗಾವಿಯಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಆರಂಭವಾಯಿತು. ಮಿರಜದ ರೈಲಂತೂ ಇದೆಯಲ್ಲ!

ಆ ರೈಲಿನಲ್ಲಿ ಹೋಗುವ ಭಕ್ತರಿಗೆ ಒಂದು ಸೂಚನೆ. ಬೆಳಗಾವಿಯಲ್ಲಿ ಇಳಿದರೆ ಕಿತ್ತೂರಿಗೆ ಬಸ್ಸುಗಳಿವೆ. ಕೋಟೆಯೊಳಗಿನ ಅರಮನೆ ಹಾಳುಬಿದ್ದಿದೆ, ಆದರೂ ಗೋಡೆಗಳು, ನೀರಿನ ಕೊಳವೆಗಳ ವ್ಯವಸ್ಥೆ, ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಬಿಟ್ಟ ರಂಧ್ರ ಇವುಗಳನ್ನು ನೋಡಬಹುದು. ಪಕ್ಕದಲ್ಲೇ ವಸ್ತುಸಂಗ್ರಹಾಲಯವಿದೆ. ಬಹಳ ಮಂದಿ ಅಷ್ಟು ನೋಡಿ ತಿರುಗಿ ಬರುತ್ತಾರೆ. ಅಲ್ಲಿಂದ ಬೈಲಹೊಂಗಲ ದೂರವೇನಲ್ಲ. ರಾಣಿಯವರ ಸಮಾಧಿ ಅಲ್ಲಿದೆ. ಜತ್ತದ ಆ ಹುಡುಗನನ್ನು ದೀಪಾವಳಿಯ ರಜೆಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವುದಾಗಿ ಅವನ ಅಜ್ಜ ನಮಗೆ ಮಾತು ಕೊಟ್ಟಿದ್ದಾರೆ.